ಕೌದಿ ಪುಸ್ತಕಗಳು, ಹೊಗಳಿಕೆ ಜಾಸ್ತಿಯಾದ ಕಾದಂಬರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಮೂರು ಕಪಾಟು ತುಂಬ ಪುಸ್ತಕಗಳಿವೆ. ಓಣಿಯವರು, ಕಾಲೇಜಿನ ಹುಡುಗಿಯರು, ರಿಟೈರ್ ಆದವರು ಬಂದು ಒಯ್ಯುತ್ತಾರೆ. ರವಿವಾರ ಸಂಜೆ ಎಂಟು ಹತ್ತು ಜನ ಕೂಡುತ್ತೇವೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರೂ ಇದ್ದಾರೆ. ಮಾತು ಎಲ್ಲಿಂದ ಶುರುವಾದರೂ ಎರಡು ಕಡೆಗೆ ಬಂದು ನಿಲ್ಲುತ್ತದೆ. ಮನಸ್ಸು ಸರಿ ಇಲ್ಲದಾಗ ಏನು ಓದಬೇಕು? ಎಲ್ಲರೂ ದೊಡ್ಡದು ಅನ್ನುವ ಕಾದಂಬರಿ ನನಗ್ಯಾಕೆ ಹಿಡಿಸಲಿಲ್ಲ? ಹೊಸಬರು ಬಂದಾಗಲೆಲ್ಲ ಇದೇ ಮಾತು. ಅದಕ್ಕೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೌದಿ ಪುಸ್ತಕ ಅಂದರೆ ಏನು?

ಇದು ನಮ್ಮ ಖೋಲಿಯಲ್ಲಿ ಹುಟ್ಟಿದ ಹೆಸರು. ಹಳೆಯ ಸೀರೆ, ಧೋತರ, ಅಂಗಿಯ ತುಂಡು ಸೇರಿಸಿ ಹೊಲಿದ ಕೌದಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಅಂಗಡಿಯ ಹೊಸ ಬ್ಲ್ಯಾಂಕೆಟ್ ಇದ್ದರೂ ಜ್ವರ ಬಂದಾಗ ಕೈ ಹುಡುಕುವುದು ಕೌದಿಯನ್ನೇ. ಯಾವ ತುಂಡು ಅಜ್ಜಿಯ ಇಳಕಲ್ ಸೀರೆಯದು, ಯಾವುದು ಅಪ್ಪನ ಅಂಗಿಯದು ಅಂತ ಕತ್ತಲಲ್ಲೂ ಗೊತ್ತಾಗುತ್ತದೆ.

ಕೆಲವು ಪುಸ್ತಕಗಳೂ ಹಾಗೆ. ಕಥೆ ಗೊತ್ತು, ಕೊನೆ ಗೊತ್ತು, ಮುಂದಿನ ಪುಟದಲ್ಲಿ ಯಾರು ಬಾಗಿಲು ತೆಗೆಯುತ್ತಾರೆ ಅಂತಲೂ ಗೊತ್ತು. ಆದರೂ ತೆಗೆದು ಓದುತ್ತೇವೆ. ನಡುವಿನ ಒಂದು ಪುಟ ತೆಗೆದು, ಹತ್ತು ಪುಟ ಓದಿ, ಮುಚ್ಚಿಟ್ಟರೆ ಮನಸ್ಸು ಸ್ವಲ್ಪ ಹಗುರ ಆಗಿರುತ್ತದೆ. ಅದು ಕೌದಿ ಪುಸ್ತಕ. ಸುಲಭದ ಪುಸ್ತಕ, ತೆಳು ಪುಸ್ತಕ ಎಂದೇನೂ ಅಲ್ಲ. ದುಃಖದ ಕಥೆಯೂ ಕೌದಿ ಆಗಬಹುದು.

ಓದಿದ್ದನ್ನೇ ಮತ್ತೆ ಓದುವುದು ಟೈಮ್ ವೇಸ್ಟ್ ಅಲ್ವಾ? ಓದದ ಪುಸ್ತಕ ಎಷ್ಟೊಂದಿವೆ!

ಕುಮಾರವ್ಯಾಸ ಭಾರತವನ್ನು ನೆನೆಸಿಕೊಳ್ಳಿ. ಕೋಳಿವಾಡದ ನಾರಣಪ್ಪ ಬರೆದ ಕಾವ್ಯ. ಗದುಗಿನ ವೀರನಾರಾಯಣ ಗುಡಿಯಲ್ಲಿ ಅವನು ಕೂತು ಬರೆದ ಅನ್ನುವ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. ಆ ಕಾವ್ಯವನ್ನು ನಮ್ಮ ಊರುಗಳಲ್ಲಿ ತಲೆಮಾರುಗಟ್ಟಲೆ ಗಮಕಿಗಳು ಓದಿದರು, ಜನ ಕೇಳಿದರು. ಕರ್ಣ ಸಾಯುತ್ತಾನೆ ಅಂತ ಅಲ್ಲಿ ಕೂತವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಬಂದು ಕೂತರು. ಆ ಪದ್ಯ ಬಂದಾಗ ಕಣ್ಣೊರೆಸಿಕೊಂಡರು. ಮುಂದಿನ ವರ್ಷ ಮತ್ತೆ ಬಂದರು.

ಮೊದಲ ಸಲ ಓದುವಾಗ ಕಥೆ ನಮ್ಮನ್ನು ಎಳೆದುಕೊಂಡು ಓಡುತ್ತದೆ. ಮುಂದೇನಾಯಿತು ಅನ್ನುವುದೊಂದೇ ಗಮನ. ಎರಡನೇ ಸಲಕ್ಕೆ ಆ ಓಟ ಇಲ್ಲ. ಆಗ ಕಾಣುತ್ತದೆ, ಬರೆದವರು ಒಬ್ಬ ಮುದುಕಿಯ ಕೈಯನ್ನು ಹೇಗೆ ನೋಡಿದ್ದಾರೆ, ಒಂದು ಮಳೆಯನ್ನು ಎಷ್ಟು ಮಾತಿನಲ್ಲಿ ಮುಗಿಸಿದ್ದಾರೆ ಅಂತ. ನನ್ನ ಮಟ್ಟಿಗೆ ಪುಸ್ತಕದ ನಿಜವಾದ ಪರೀಕ್ಷೆ ಎರಡನೇ ಓದು. ಕೌದಿ ಪುಸ್ತಕಕ್ಕೂ ಅದೇ, ಕ್ಲಾಸಿಕ್ ಅನ್ನಿಸಿಕೊಂಡದ್ದಕ್ಕೂ ಅದೇ. ಕೆಳಗಿನ ಎಲ್ಲ ಉತ್ತರಗಳಲ್ಲೂ ನಾನು ಹಿಡಿದಿರುವ ತಕ್ಕಡಿ ಇದೊಂದೇ.

"ಅಕ್ಕಾರ, ಮನಸ್ಸು ಸರಿ ಇಲ್ಲ. ಏನರ ಓದಾಕ ಕೊಡ್ರಿ." ಹೀಗೆ ಕೇಳಿದವರಿಗೆ ಏನು ಕೊಡುತ್ತೀರಿ?

ಮೊದಲು ಚಹಾ ಕೊಡುತ್ತೇನೆ. ಆಮೇಲೆ ಮನಸ್ಸು ಯಾವ ಥರ ಸರಿ ಇಲ್ಲ ಅಂತ ಕೇಳುತ್ತೇನೆ. ದಣಿವಿಗೆ ಬೇಕಾದ ಪುಸ್ತಕ ಬೇರೆ, ದುಃಖಕ್ಕೆ ಬೇರೆ, ಸುಮ್ನೆ ಬೇಜಾರಿಗೆ ಬೇರೆ.

ದಣಿದು ಬಂದವರಿಗೆ ಶಿವರಾಮ ಕಾರಂತರ "ಬೆಟ್ಟದ ಜೀವ". 1943ರ ಪುಸ್ತಕ. ದಾರಿ ತಪ್ಪಿದವನೊಬ್ಬ ಕುಮಾರಪರ್ವತದ ಸೆರಗಿನಲ್ಲಿರುವ ಗೋಪಾಲಯ್ಯ, ಶಂಕರಮ್ಮ ಎನ್ನುವ ಮುದುಕ ಮುದುಕಿಯ ಮನೆಗೆ ಬಂದು ಉಳಿಯುತ್ತಾನೆ. ಹೊರಡುತ್ತೇನೆ ಅಂದರೆ ಅವರು ಬಿಡುವುದಿಲ್ಲ. ಊಟ, ಹರಟೆ, ತೋಟ, ಕಾಡು. ಕಥೆ ಅಂತ ನೋಡಿದರೆ ಇಷ್ಟೇ. ಆದರೆ ಆ ಮನೆಯಲ್ಲಿ ಒಂದು ನೋವಿದೆ. ಮನೆ ಬಿಟ್ಟು ಹೋದ ಮಗ. ಗೋಪಾಲಯ್ಯ ಅದನ್ನು ಮಾತಿನಲ್ಲಿ ಮುಚ್ಚುತ್ತಾರೆ. ಶಂಕರಮ್ಮನಿಗೆ ಮುಚ್ಚಲು ಆಗುವುದಿಲ್ಲ. ಈ ನೋವು ಇರುವುದರಿಂದಲೇ ಪುಸ್ತಕ ಹಿತ ಕೊಡುತ್ತದೆ ಅಂತ ನನಗೆ ಅನ್ನಿಸುತ್ತದೆ. ಎಲ್ಲ ಚೆನ್ನಾಗಿದೆ ಅನ್ನುವ ಪುಸ್ತಕವನ್ನು ದಣಿದವರು ನಂಬುವುದಿಲ್ಲ. ಇಷ್ಟು ನೋವಿಟ್ಟುಕೊಂಡೂ ಬಂದವನಿಗೆ ಬಾಳೆಲೆ ಹಾಕುವವರನ್ನು ನಂಬುತ್ತಾರೆ.

ಸುಮ್ನೆ ಬೇಜಾರು ಅನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ". ಮಂದಣ್ಣ, ಜೇನು, ಕಿವಿ ಅನ್ನುವ ನಾಯಿ, ಹಾರುವ ಓತಿಯನ್ನು ಹುಡುಕಿ ಹೊರಟ ಒಂದು ವಿಚಿತ್ರ ಗುಂಪು. ಹತ್ತನೇ ತರಗತಿ ಹುಡುಗನಿಂದ ಹಿಡಿದು ಎಪ್ಪತ್ತರ ಅಜ್ಜನವರೆಗೆ ಇದನ್ನು ಬೇಡ ಅಂದು ವಾಪಸ್ ಕೊಟ್ಟವರನ್ನು ನಾನು ನೋಡಿಲ್ಲ. 1980ರಲ್ಲಿ ಬಂದ ಪುಸ್ತಕ, ಇವತ್ತು ಬರೆದ ಹಾಗಿದೆ. ಕೊನೆಯಲ್ಲಿ ಆ ಓತಿ ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಹೋಗುತ್ತದಲ್ಲ, ಆ ಪುಟವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ದುಃಖದಲ್ಲಿ ಇರುವವರಿಗೆ ನಾನಾಗಿ ಪುಸ್ತಕ ಕೊಡುವುದಿಲ್ಲ. ಕಪಾಟಿನ ಮುಂದೆ ಬಿಟ್ಟು ಒಳಗೆ ಹೋಗುತ್ತೇನೆ. ಅವರ ಕೈಗೆ ಬಂದದ್ದೇ ಸರಿಯಾದ ಪುಸ್ತಕ.

ಧಾರವಾಡದ ಮಾತಿನಲ್ಲಿ ಬರೆದ ಪುಸ್ತಕವನ್ನೇ ಎಲ್ಲರಿಗೂ ಯಾಕೆ ಮುಂದೆ ಮಾಡುತ್ತೀರಿ?

ನಾವು ಶಾಲೆಯಲ್ಲಿ ಓದಿದ ಕಾದಂಬರಿಗಳಲ್ಲಿ ಜನ ಬೇರೆ ಸೀಮೆಯ ಕನ್ನಡ ಆಡುತ್ತಿದ್ದರು. ಅಡಿಕೆ ತೋಟ, ಹೆಬ್ಬಾಗಿಲು, ಕಾಫಿ. ನಮ್ಮ ಎರೆಹೊಲ, ಜೋಳದ ರೊಟ್ಟಿ, ನೆಲದಡಿ ಕಾಳು ತುಂಬಿಡುವ ಹಗೇವು ಅವುಗಳಲ್ಲಿ ಇರಲಿಲ್ಲ. ಓದಿ ಖುಷಿಪಟ್ಟಿದ್ದೇವೆ, ಸುಳ್ಳಲ್ಲ. ಆದರೆ ನೆಂಟರ ಮನೆಯಲ್ಲಿ ಕೂತ ಹಾಗೆ ಸ್ವಲ್ಪ ಸಂಕೋಚದಿಂದಲೇ ಓದಿದ್ದೇವೆ.

ಶ್ರೀನಿವಾಸ ವೈದ್ಯರ "ಹಳ್ಳ ಬಂತು ಹಳ್ಳ" ಕೈಗೆ ಬಂದಾಗ ಆ ಸಂಕೋಚ ಹೋಯಿತು. 2004ರಲ್ಲಿ ನಮ್ಮ ಧಾರವಾಡದ ಪ್ರಕಾಶನ ಮನೋಹರ ಗ್ರಂಥಮಾಲೆಯಿಂದ ಬಂದದ್ದು. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನವಲಗುಂದದ ಒಂದು ಮನೆತನದ ಕಥೆ, 1857ರ ಗಲಾಟೆಯ ಕಾಲದಿಂದ ಶುರುವಾಗುತ್ತದೆ. ಹಳ್ಳ ಬರುವುದು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಮಳೆ ಇರುವುದಿಲ್ಲ. ಎಲ್ಲೋ ಮೇಲೆ ಬಿದ್ದಿರುತ್ತದೆ. ಒಣಗಿದ ಹಳ್ಳ ಒಮ್ಮೆಲೇ ಕೆಂಪಗೆ ತುಂಬಿ ಬಂದು ದಂಡೆಯಲ್ಲಿ ಇದ್ದದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆ ಮನೆತನಕ್ಕೆ ಕಾಲ ಬರುವುದೂ ಹಾಗೆಯೇ.

ಅದರ ಹೆಂಗಸರು ಆಡುವ ಮಾತು ನಮ್ಮ ಅಡುಗೆಮನೆಯ ಮಾತು. ಆ ಬೈಗುಳ, ಆ ಕಕ್ಕುಲಾತಿ, ಅರ್ಧಕ್ಕೆ ನುಂಗಿದ ಆ ದುಃಖ. ಹುಬ್ಬಳ್ಳಿಯ ಒಬ್ಬ ಹಿರಿಯರು ಇದನ್ನು ಐದು ಸಲ ಓದಿದ್ದಾರೆ. ಬೆಂಗಳೂರಿನಲ್ಲಿ ಮಗನ ಫ್ಲಾಟಿನಲ್ಲಿ ಇದ್ದ ಆರು ತಿಂಗಳು ಇದೊಂದೇ ಪುಸ್ತಕ ತಲೆದಿಂಬಿನ ಹತ್ತಿರ ಇತ್ತಂತೆ. ದಿನಕ್ಕೆ ನಾಲ್ಕು ಪುಟ. "ಕಥಿ ಸಲುವಾಗಿ ಅಲ್ಲ ತಂಗಿ, ಯಾರರ ನಮ್ಮಂಗ ಮಾತಾಡಲಿ ಅಂತ" ಅಂದರು. ಕೌದಿ ಪುಸ್ತಕದ ಬಗ್ಗೆ ನಾನು ಕೇಳಿದ ಅತ್ಯಂತ ನಿಜವಾದ ಮಾತು ಅದು.

ಒಂದು ಕಾದಂಬರಿ ಕ್ಲಾಸಿಕ್ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಯಾರೂ ಒಂದು ದಿನ ಕೂತು ಮಾಡುವುದಿಲ್ಲ. ಒಳ್ಳೆಯ ಪ್ರಕಾಶಕರು ಸಿಗಬೇಕು, ವಿಮರ್ಶಕರು ಬರೆಯಬೇಕು, ಪಠ್ಯ ಆಗಬೇಕು, ಸಿನಿಮಾ ಆದರೆ ಇನ್ನೂ ಅನುಕೂಲ, ಇಂಗ್ಲಿಷಿಗೆ ಹೋದರೆ ಕೇಳುವುದೇ ಬೇಡ. ಪುಸ್ತಕದ ಗುಣ ಬೇಕೇ ಬೇಕು. ಆದರೆ ಗುಣ ಒಂದರಿಂದಲೇ ಆಗುವ ಕೆಲಸ ಅಲ್ಲ.

ಧಾರವಾಡದವರಿಗೆ ಇದು ಕಣ್ಣಮುಂದಿನ ಕಥೆ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯ ಅಟ್ಟ ಇವತ್ತಿಗೂ ಇದೆ. ಚಂದಾದಾರರನ್ನು ಕೂಡಿಸಿ, ಅವರ ದುಡ್ಡಿನ ಮೇಲೆ ಪುಸ್ತಕ ತಂದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಅವರ ಜೊತೆಗಿದ್ದರು. ಇನ್ನೂ ಹೆಸರಿಲ್ಲದ ಒಬ್ಬ ಹುಡುಗ ಬರೆದ "ಯಯಾತಿ" ನಾಟಕವನ್ನು 1961ರಲ್ಲಿ ಅಚ್ಚು ಹಾಕಿದ್ದು ಇವರೇ. ಆ ಹುಡುಗ ಗಿರೀಶ ಕಾರ್ನಾಡ. ಹೊಸ ಬರವಣಿಗೆಯನ್ನು ಗುರುತಿಸುವ ಒಂದು ಕಣ್ಣು, ಅದನ್ನು ಜನರ ಮನೆಗೆ ಮುಟ್ಟಿಸುವ ಒಂದು ದಾರಿ, ಎರಡೂ ಅಲ್ಲಿ ಇದ್ದವು.

ಈಗ ಹಾವೇರಿ ಕಡೆ ನೋಡಿ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಕಾದಂಬರಿ ಅನ್ನುವ ಹೊಸ ರುಚಿಯನ್ನು ಈ ಭಾಗದ ಜನಕ್ಕೆ ಹತ್ತಿಸಿದರು. ಅಗಡಿಯ ಆನಂದವನದಿಂದ ಬರುತ್ತಿದ್ದ "ಸದ್ಬೋಧ ಚಂದ್ರಿಕೆ"ಯಲ್ಲಿ ಬರೆದರು. ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಮ್ಮ ಮುತ್ತಜ್ಜಿಯಂಥವರಿಗೆ ಅವರ ಪುಸ್ತಕಗಳೇ ಕೌದಿ. ಇವತ್ತು ಅವರ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿದೆ, ಪುಸ್ತಕ ಓದುವವರು ಕಡಿಮೆ.

ದೂರದ ಉದಾಹರಣೆ ಬೇಕೆಂದರೆ ಅಮೆರಿಕದ "ದಿ ಗ್ರೇಟ್ ಗ್ಯಾಟ್ಸ್‌ಬಿ". 1925ರಲ್ಲಿ ಬಂದಾಗ ಬರೆದವರ ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಪುಕ್ಕಟೆ ಹಂಚಿದ ಪುಸ್ತಕಗಳಲ್ಲಿ ಅದೂ ಸೇರಿತು. ಸುಮಾರು ಒಂದೂವರೆ ಲಕ್ಷ ಪ್ರತಿ. ಆಮೇಲೆ ಶಾಲೆ ಕಾಲೇಜುಗಳ ಪಠ್ಯ ಆಯಿತು. ಅಷ್ಟು ಹೊತ್ತಿಗೆ ಬರೆದವರು ತೀರಿಕೊಂಡಿದ್ದರು.

ಸುತ್ತಿ ಬಳಸದೆ ಹೇಳಿ. ನಿಮ್ಮ ಪ್ರಕಾರ ಹೊಗಳಿಕೆ ಜಾಸ್ತಿಯಾದ ಕನ್ನಡ ಕಾದಂಬರಿ ಯಾವುದು?

ಮೂರು ಹೆಸರು ಹೇಳುತ್ತೇನೆ. ಮೂರನ್ನೂ ಎರಡೆರಡು ಸಲ ಓದಿದ್ದೇನೆ. ಇವು ಕೆಟ್ಟ ಪುಸ್ತಕ ಅಂತ ನಾನು ಹೇಳುತ್ತಿಲ್ಲ. ಅವುಗಳ ಬಗ್ಗೆ ಆಡುವ ಮಾತು ಅವುಗಳಿಗಿಂತ ದೊಡ್ಡದಾಗಿದೆ ಅಂತ ಹೇಳುತ್ತಿದ್ದೇನೆ.

ಮೊದಲನೆಯದು ಅನಂತಮೂರ್ತಿಯವರ "ಸಂಸ್ಕಾರ", 1965. ಅದರ ಮೊದಲ ಭಾಗ ನಮ್ಮ ಭಾಷೆಯ ದೊಡ್ಡ ಬರವಣಿಗೆಗಳಲ್ಲಿ ಒಂದು. ಹೆಣ ಮನೆಯಲ್ಲಿದೆ. ಸಂಸ್ಕಾರ ಆಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿವು, ವಾಸನೆ, ಇಲಿ, ಹದ್ದು. ಉಸಿರು ಕಟ್ಟುತ್ತದೆ. ಆದರೆ ಎರಡನೇ ಓದಿನಲ್ಲಿ ನನ್ನ ಕಣ್ಣು ಸತ್ತವನ ಜೊತೆ ಬಾಳಿದ ಚಂದ್ರಿಯ ಮೇಲೆ ಬಿತ್ತು. ಇಡೀ ಅಗ್ರಹಾರ ಶಾಸ್ತ್ರ ಚರ್ಚೆ ಮಾಡುತ್ತಾ ಕೂತಿರುವಾಗ, ರಾತ್ರಿ ಹೋಗಿ ಅಹ್ಮದ್ ಬ್ಯಾರಿಯ ಸಹಾಯದಿಂದ ಹೆಣ ಸುಡಿಸಿದವಳು ಅವಳು. ಮಾಡಬೇಕಾದ ಕೆಲಸ ಮಾಡಿದವಳು ಅವಳೊಬ್ಬಳೇ. ಅದಾದ ಕೂಡಲೇ ಪುಸ್ತಕ ಅವಳನ್ನು ಊರಿಗೆ ಕಳಿಸಿಬಿಡುತ್ತದೆ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಹಿಂದೆ ಹೊರಡುತ್ತದೆ. ಆಚಾರ್ಯರ ತಳಮಳ ಸುತ್ತಿದಲ್ಲೇ ಸುತ್ತುತ್ತದೆ. ಆ ಭಾಗದಲ್ಲಿ ಜೀವ ಇರುವುದು ಜೊತೆಗೆ ಬರುವ ಪುಟ್ಟನಲ್ಲಿ. ಕನ್ನಡದಿಂದ ಒಂದೇ ಕಾದಂಬರಿ ಓದಿ ಅಂತ ಹೊರಗಿನವರಿಗೆ ಇದನ್ನೇ ಕೊಡುತ್ತಾರಲ್ಲ, ಅಲ್ಲಿ ನನಗೆ ತಕರಾರಿದೆ.

ಎರಡನೆಯದು ಭೈರಪ್ಪನವರ "ವಂಶವೃಕ್ಷ". ಅದೂ 1965ರದ್ದೇ. ನಂಜನಗೂಡಿನ ಶ್ರೋತ್ರಿಯರ ಪಾತ್ರಕ್ಕೆ ಕೊಟ್ಟ ತಾಳ್ಮೆಯನ್ನು ಸೊಸೆ ಕಾತ್ಯಾಯನಿಗೆ ಕೊಟ್ಟಿಲ್ಲ. ಗಂಡ ಸತ್ತ ಮೇಲೆ ಮತ್ತೆ ಮದುವೆಯಾಗುವ ಧೈರ್ಯ ಅವಳಿಗೆ ಕೊಟ್ಟು, ಆಮೇಲೆ ಅವಳ ಗರ್ಭ ನಿಲ್ಲದ ಹಾಗೆ ಮಾಡಿ, ಕೊರಗಿಸಿ ಸಾಯಿಸುತ್ತದೆ ಕಥೆ. ಇಪ್ಪತ್ತರಲ್ಲಿ ಓದಿದಾಗ ಅದು ವಿಧಿ ಅನ್ನಿಸಿತ್ತು. ನಲವತ್ತರಲ್ಲಿ ಓದಿದಾಗ ಅದು ಬರೆದವರ ಕೈ ಅನ್ನಿಸಿತು. ನಮ್ಮ ರವಿವಾರದ ಕೂಟದಲ್ಲಿ ಇದರ ಬಗ್ಗೆ ಎರಡು ವಾರ ಜಗಳ ಆಯಿತು. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ಶುರು ಮಾಡಿದವರು ಅಂತ ಭೈರಪ್ಪನವರ ಮೇಲೆ ಇಲ್ಲಿನವರಿಗೆ ವಿಶೇಷ ಪ್ರೀತಿ. ನನಗೂ ಇದೆ. "ಗೃಹಭಂಗ" ಬರೆದ ಕೈಗೆ ನಾನು ಯಾವತ್ತೂ ನಮಸ್ಕಾರ ಮಾಡುತ್ತೇನೆ.

ಮೂರನೆಯದು ಕಾರಂತರ "ಮೂಕಜ್ಜಿಯ ಕನಸುಗಳು". 1977ರ ಜ್ಞಾನಪೀಠದ ಜೊತೆ ಇದರ ಹೆಸರು ಅಂಟಿಕೊಂಡಿದೆ. ಹಾಗಾಗಿ ಕಾರಂತರನ್ನು ಓದಬೇಕು ಅನ್ನುವವರು ಇದರಿಂದಲೇ ಶುರು ಮಾಡುತ್ತಾರೆ. ಅಜ್ಜಿ ವಸ್ತು ಮುಟ್ಟಿ ಹಳೆಯ ಕಾಲ ಕಾಣುತ್ತಾಳೆ, ಮೊಮ್ಮಗ ಪ್ರಶ್ನೆ ಕೇಳುತ್ತಾನೆ. ಬರಬರುತ್ತಾ ಅಜ್ಜಿಯ ಮಾತು ಕಡಿಮೆಯಾಗಿ ಕಾರಂತರ ವಿಚಾರ ಜಾಸ್ತಿಯಾಗುತ್ತದೆ. ಸಮುದ್ರದ ದಂಡೆಯ ಮೂರು ತಲೆಮಾರಿನ ಬದುಕು ಇರುವ "ಮರಳಿ ಮಣ್ಣಿಗೆ" ಓದಿ ನೋಡಿ. ಅಲ್ಲಿ ಯಾರೂ ವಿಚಾರ ಹೇಳುವುದಿಲ್ಲ. ಕೆಲಸ ಮಾಡುತ್ತಾರೆ.

"ಮಲೆಗಳಲ್ಲಿ ಮದುಮಗಳು" ಐವತ್ತು ಪುಟ ದಾಟಲು ಆಗುತ್ತಿಲ್ಲ. ಅದೂ ಇದೇ ಪಟ್ಟಿಗೆ ಸೇರುತ್ತದಾ?

ಇಲ್ಲ. ಇದರ ಬಗ್ಗೆ ಹೊಗಳಿಕೆ ಎಷ್ಟಿದ್ದರೂ ಕಡಿಮೆಯೇ. ಆದರೆ ದಾಟಲು ಆಗದೇ ಇರುವುದು ನಿಮ್ಮ ತಪ್ಪಲ್ಲ. ನಾನೂ ಎರಡು ಸಲ ಬಿಟ್ಟಿದ್ದೆ.

ತೊಂದರೆ ಏನೆಂದರೆ, ನಾವು ಕಾದಂಬರಿಯಲ್ಲಿ ನಾಯಕನನ್ನು ಹುಡುಕುತ್ತೇವೆ. ಕುವೆಂಪು ಇಲ್ಲಿ ನಾಯಕನನ್ನು ಇಟ್ಟೇ ಇಲ್ಲ. ನಾಯಿಗುತ್ತಿ, ಅವನ ನಾಯಿ ಹುಲಿಯ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ. ಎಲ್ಲರಿಗೂ ಒಂದೇ ಬೆಲೆ. ಮನೆತನಗಳ ಹೆಸರು ಒಂದರ ಮೇಲೊಂದು ಬರುತ್ತವೆ. ತಲೆ ತಿರುಗುತ್ತದೆ.

ನಾನು ಹೇಳುವ ಉಪಾಯ ಹೀಗೆ. ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಯಾರು ಯಾವ ಮನೆಯವರು ಅಂತ ಗುರುತು ಹಾಕಿಕೊಳ್ಳಿ. ಪುಸ್ತಕದೊಳಗೇ ಇಟ್ಟುಕೊಳ್ಳಿ. ಗುತ್ತಿಯನ್ನೂ ಹುಲಿಯನನ್ನೂ ಹಿಂಬಾಲಿಸಿ, ಉಳಿದವರು ತಾವಾಗಿಯೇ ಬರುತ್ತಾರೆ. ದಿನಕ್ಕೆ ಒಂದೇ ಅಧ್ಯಾಯ. ಸಾಧ್ಯವಾದರೆ ಮಳೆಗಾಲದಲ್ಲಿ ಶುರು ಮಾಡಿ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ಮಲೆನಾಡಿನ ಮಳೆಯಲ್ಲ, ಆದರೂ ಕಿಟಕಿಯ ಹೊರಗೆ ಆ ಸಪ್ಪಳ ಇದ್ದರೆ ಓದು ಬೇರೆಯಾಗುತ್ತದೆ. 1967ರಲ್ಲಿ ಬಂದ ಈ ಪುಸ್ತಕವನ್ನು ಮುಂದೆ ರಂಗದ ಮೇಲೆ ರಾತ್ರಿಯಿಡೀ ಆಡಿದರು, ಜನ ಬೆಳಗಿನವರೆಗೆ ಕೂತು ನೋಡಿದರು. ಅವಸರ ಮಾಡಿದರೆ ಇದು ಏನೂ ಕೊಡುವುದಿಲ್ಲ. ಕೂತರೆ ಪೂರ್ತಿ ಕೊಡುತ್ತದೆ.

ಹಿಡಿಸದ ಪುಸ್ತಕವನ್ನು ಎಷ್ಟು ಪುಟಕ್ಕೆ ಬಿಡಬಹುದು?

ಯಾವ ಪುಟಕ್ಕೆ ಬೇಕಾದರೂ ಬಿಡಿ. ಆದರೆ ಬಿಟ್ಟ ಪುಸ್ತಕದ ಬಗ್ಗೆ "ನನಗೆ ಮುಂದೆ ಓದಲು ಆಗಲಿಲ್ಲ" ಅನ್ನಿ. "ಅದರಲ್ಲಿ ಏನೂ ಇಲ್ಲ" ಅನ್ನಬೇಡಿ. ಆ ಮಾತು ಹೇಳಬೇಕಾದರೆ ಪೂರ್ತಿ ಓದಿರಬೇಕು. ಇಷ್ಟಪಡಲು ಕಾರಣ ಬೇಕಿಲ್ಲ, ತೆಗಳಲು ಕಾರಣ ಬೇಕು. ನಮ್ಮ ಖೋಲಿಯಲ್ಲಿ ಇರುವ ನಿಯಮ ಇದೊಂದೇ.

ತ್ರಿವೇಣಿ, ಎಂ.ಕೆ. ಇಂದಿರಾ ಇಷ್ಟ ಅಂದರೆ ಜನ ಒಂಥರಾ ನೋಡುತ್ತಾರೆ. ನಾವು ಓದುವುದು ಸಾಹಿತ್ಯ ಅಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ.

ಈ ಹೆಂಗಸರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಅಂತ ಕರೆದು ಬದಿಗೆ ಸರಿಸಿದ ಕಾಲ ಒಂದಿತ್ತು. ತ್ರಿವೇಣಿಯವರು ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಮೂವತ್ತನಾಲ್ಕು ವರ್ಷದ ಬದುಕು. ಕೊನೆಯ ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ಬಾಣಂತಿಗೆ ಮನಸ್ಸು ಕೆಡುವುದು, ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೇ ಹುಚ್ಚಿಯ ಹಾಗೆ ನೋಡುವುದು, ಇದನ್ನು "ಶರಪಂಜರ"ದಲ್ಲಿ ಅವರು ಬರೆದ ಕಾಲಕ್ಕೆ ಮನೆಗಳಲ್ಲಿ ಆ ಮಾತನ್ನು ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಇವತ್ತೂ ಕಡಿಮೆ. ನಮ್ಮ ಓಣಿಯ ಒಬ್ಬ ಹುಡುಗಿ ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡದೆ ಕೂತಿದ್ದಳು. ಅವಳ ಅತ್ತೆ ಈ ಪುಸ್ತಕವನ್ನು ಹರೆಯದಲ್ಲಿ ಓದಿದ್ದರು. ಬೈಯಲಿಲ್ಲ, ದೃಷ್ಟಿ ತೆಗೆಯಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ಆ ಅತ್ತೆ ನನಗೆ ಹೇಳಿದ್ದು, "ನಾನು ಆ ಕಥ್ಯಾಗಿನ ಮಂದಿಯಂಗ ಆಗಬಾರದು ಅಂತ ಅನಿಸಿತ್ರಿ."

ಇಂದಿರಾ ಅವರ ಮೊದಲ ಕಾದಂಬರಿ "ತುಂಗಭದ್ರ" ಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು. ಸಂಸಾರ ಎಲ್ಲ ನೋಡಿ ಮುಗಿಸಿ ಬರೆಯಲು ಕೂತವರು. "ಫಣಿಯಮ್ಮ" 1976ರದ್ದು. ಬಾಲ್ಯದಲ್ಲೇ ವಿಧವೆಯಾದ ಒಬ್ಬಾಕೆಯ ಇಡೀ ಬದುಕು, ಒಂದು ಕಡೆಯೂ ದನಿ ಏರಿಸದೆ ಹೇಳಿದ್ದಾರೆ. ನಾನು ಇದನ್ನು ಯಾವ ಕ್ಲಾಸಿಕ್‌ನ ಪಕ್ಕದಲ್ಲಾದರೂ ಇಡುತ್ತೇನೆ. ನಮ್ಮ ಕಪಾಟಿನಲ್ಲಿ ನಿಜವಾಗಲೂ ಇಟ್ಟಿದ್ದೇನೆ, "ವಂಶವೃಕ್ಷ"ದ ಪಕ್ಕದಲ್ಲಿ. ಎರಡನ್ನೂ ಜೊತೆಗೆ ಒಯ್ಯಿರಿ ಅಂತ ಹುಡುಗಿಯರಿಗೆ ಹೇಳುತ್ತೇನೆ.

ಅತ್ತುಬಿಡುವಂಥ ಪುಸ್ತಕ ಕೌದಿ ಆಗಬಹುದಾ? "ಗೃಹಭಂಗ"ದಂಥದ್ದು?

ಕೆಲವರಿಗೆ ಆಗುತ್ತದೆ. ನಂಜಮ್ಮನ ಕಷ್ಟ ಓದುತ್ತಾ ತಮ್ಮದು ಹಗುರಾಯಿತು ಅನ್ನುವವರು ಇದ್ದಾರೆ. ಆದರೆ ಮನೆಯಲ್ಲಿ ಈಗಷ್ಟೇ ಸಾವು ಆಗಿದ್ದರೆ ನಾನು ಅದನ್ನು ಕೊಡುವುದಿಲ್ಲ. ಪ್ಲೇಗಿನಲ್ಲಿ ಮಕ್ಕಳು ಹೋಗುವ ಆ ಅಧ್ಯಾಯಗಳನ್ನು ಗಟ್ಟಿ ಮನಸ್ಸಿದ್ದಾಗ ಓದಬೇಕು. ರಾವಬಹಾದ್ದೂರರ "ಗ್ರಾಮಾಯಣ"ಕ್ಕೂ ಇದೇ ಮಾತು. 1957ರ ಪುಸ್ತಕ, ನಮ್ಮ ಕಡೆಯ ಹಳ್ಳಿಯೊಂದು ಹೇಗೆ ಮುರಿದು ಬಿತ್ತು ಅನ್ನುವುದನ್ನು ಅಷ್ಟು ಚೆನ್ನಾಗಿ ಇನ್ಯಾರೂ ಬರೆದಿಲ್ಲ ಅಂತ ನನ್ನ ಅಭಿಪ್ರಾಯ. ಹೊಗಳಿಕೆ ಕಡಿಮೆಯಾದ ಕಾದಂಬರಿ ಯಾವುದು ಅಂತ ಕೇಳಿದರೆ ಇದೇ ನನ್ನ ಉತ್ತರ.

ಚಿಗರಿ ಬಸ್ಸಿನಲ್ಲಿ ದಿನಾ ಹೋಗಿ ಬರುತ್ತೇನೆ. ಆ ಹೊತ್ತಿಗೆ ಏನು ಓದಲಿ?

ನಿಂತು ಓದುವುದಾದರೆ ತೆಳು ಪುಸ್ತಕ. ಟಿ.ಕೆ. ರಾಮರಾವ್ ಅವರ ಪತ್ತೇದಾರಿ ಕಾದಂಬರಿ ಹಿಡಿದರೆ ಇಳಿಯುವ ಸ್ಟಾಪ್ ಮರೆಯಬಹುದು, ಹುಷಾರು. ಇಲ್ಲದಿದ್ದರೆ ಹಳೆಯ "ಕಸ್ತೂರಿ". 1956ರಿಂದ ನಮ್ಮ ಹುಬ್ಬಳ್ಳಿಯಿಂದ ಬಂದ ಮಾಸಪತ್ರಿಕೆ. ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ ಸಂಚಿಕೆಗಳ ಕೊನೆಯಲ್ಲಿ ಪುಸ್ತಕ ವಿಭಾಗ ಇರುತ್ತಿತ್ತು. ಜಗತ್ತಿನ ಯಾವುದೋ ದೊಡ್ಡ ಪುಸ್ತಕವನ್ನು ಚಿಕ್ಕದಾಗಿ ಇಳಿಸಿ, ತಿಳಿಯಾದ ಕನ್ನಡದಲ್ಲಿ ಕೊಡುತ್ತಿದ್ದರು. ನಮ್ಮ ಅಪ್ಪ ಅವನ್ನು ವರ್ಷಕ್ಕೊಂದರಂತೆ ಬೈಂಡ್ ಮಾಡಿಸಿದ್ದರು. ನಾನು ರಷ್ಯಾ, ಫ್ರಾನ್ಸ್ ಎಲ್ಲ ನೋಡಿದ್ದು ಆ ಕೆಂಪು ಬೈಂಡಿನಲ್ಲೇ.

ಸಿನಿಮಾ ನೋಡಿದರೆ ಸಾಲದಾ?

ಸಿನಿಮಾ ನೋಡಿ. ಆಮೇಲೆ ಓದಿ. ಮೊದಲ ಓದೇ ಎರಡನೇ ಓದಿನ ಹಾಗಿರುತ್ತದೆ, ಒಳ್ಳೆಯದೇ.

ಮಕ್ಕಳಿಗೆ ಕ್ಲಾಸಿಕ್ ಓದಿಸುವುದು ಹೇಗೆ? ಮುಟ್ಟುವುದೇ ಇಲ್ಲ.

ಓದಿಸಬೇಡಿ. ಕೈಗೆ ಸಿಗುವ ಹಾಗೆ ಇಡಿ, ಸಾಕು.

ನನಗೆ ಹದಿನೇಳು ವರ್ಷ ಇದ್ದಾಗ ಕಾಲೇಜಿನಲ್ಲಿ ಒಂದು ದೊಡ್ಡ ಕಾದಂಬರಿ ಪಠ್ಯವಾಗಿತ್ತು. ಪಾಠ ಮಾಡುವವರು ಪುಸ್ತಕ ತೆಗೆಯಲೇ ಇಲ್ಲ. ನೋಟ್ಸ್ ಬರೆಸಿದರು. ಕಾದಂಬರಿಯ ಸಂದೇಶ, ನಾಯಕಿಯ ಪಾತ್ರಚಿತ್ರಣ, ಹದಿನೈದು ಅಂಕ. ನಾಯಕಿ ನನಗೆ ಇಷ್ಟ ಆಗಲಿಲ್ಲ ಅಂತ ಒಂದು ದಿನ ಎದ್ದು ನಿಂತು ಹೇಳಿದೆ. "ಇಷ್ಟಪಡಲು ನೀನು ಯಾರು?" ಅಂದರು. ಕ್ಲಾಸು ನಕ್ಕಿತು. ಆ ಪುಸ್ತಕವನ್ನು ಮತ್ತೆ ಮುಟ್ಟಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು. ಮುಟ್ಟಿದಾಗ ಗೊತ್ತಾಯಿತು, ಅದು ಬಹಳ ಒಳ್ಳೆಯ ಪುಸ್ತಕ. ನಾಯಕಿ ಈಗಲೂ ಇಷ್ಟ ಆಗಲಿಲ್ಲ, ಆದರೆ ಯಾಕೆ ಅಂತ ನಾಲ್ಕು ಮಾತು ಹೇಳಬಲ್ಲೆ. ಆ ಹತ್ತೊಂಬತ್ತು ವರ್ಷ ನನಗೆ ವಾಪಸ್ ಬರುವುದಿಲ್ಲ. ನಮ್ಮ ಖೋಲಿಗೆ ಬರುವ ಮಕ್ಕಳಿಗೆ ಆ ಮಾತನ್ನು ಯಾರೂ ಹೇಳಬಾರದು ಅಂತಲೇ ಈ ಕಪಾಟುಗಳ ಬಾಗಿಲಿಗೆ ನಾನು ಬೀಗ ಹಾಕಿಸಿಲ್ಲ.

ಕಣ್ಣು ಕಾಣದ ಹಿರಿಯರಿಗೆ ಏನು ಮಾಡಬೇಕು?

ನೀವು ಓದಿ ಹೇಳಿ. ಮೊಬೈಲಿನಲ್ಲಿ ಆಡಿಯೋ ಸಿಗುತ್ತದೆ, ಅದೂ ಒಳ್ಳೆಯದು. ಆದರೆ ಆಡಿಯೋ ನಡುವೆ ನಿಲ್ಲಿಸಿ ಅವರ ಮಾತು ಕೇಳುವುದಿಲ್ಲ.

ಅವ್ವನ ಕೊನೆಯ ಎರಡು ವರ್ಷ ನಾನು ಅವಳಿಗೆ ದಿನಾ ಸಂಜೆ ಓದುತ್ತಿದ್ದೆ. ದೀಪ ಹಚ್ಚಿದ ಮೇಲೆ ಅರ್ಧ ಗಂಟೆ. ಹೊಸ ಪುಸ್ತಕ ತೆಗೆದರೆ ಅವಳಿಗೆ ಹೆಸರುಗಳು ಮರೆತು ಹೋಗಿ ಕಳವಳ ಆಗುತ್ತಿತ್ತು. ಗೊತ್ತಿದ್ದ ಪುಸ್ತಕವೇ ಬೇಕು. "ಬೆಟ್ಟದ ಜೀವ"ವನ್ನು ಒಂಬತ್ತು ಸಲ ಮುಗಿಸಿದೆವು. ನನ್ನ ಅಣ್ಣ ಹೊರದೇಶದಲ್ಲಿದ್ದ. ಶಂಕರಮ್ಮ ಮಗನ ಮಾತೆತ್ತುವ ಕಡೆ ಬಂದಾಗ ಅವ್ವ ಕೈ ಎತ್ತಿ ನಿಲ್ಲಿಸು ಅನ್ನುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದಳು. ಆಮೇಲೆ ಅಣ್ಣ ಸಣ್ಣವನಿದ್ದಾಗಿನ ಒಂದು ಮಾತು ಹೇಳುತ್ತಿದ್ದಳು. ಪ್ರತಿ ಸಲ ಬೇರೆ ಮಾತು. ನನಗೆ ಗೊತ್ತೇ ಇರದ ಎಷ್ಟೋ ಸಂಗತಿ ಆ ಒಂದು ಪುಟದಿಂದ ಹೊರಗೆ ಬಂದವು.

ಹಾಗಾಗಿ ನಿಧಾನ ಓದಿ. ಪುಟ ಮುಗಿಸುವ ಹಟ ಬೇಡ. ಕೇಳುವವರಿಗೆ ನಿದ್ದೆ ಬಂದರೆ ನಿಲ್ಲಿಸಿ, ಮರುದಿನ ಅದೇ ಪುಟದಿಂದ ಶುರು ಮಾಡಿ.

ನಿಮ್ಮ ಪುಸ್ತಕ ಎಷ್ಟು ದಿನ ಇಟ್ಟುಕೊಳ್ಳಬಹುದು?

ಸಾಮಾನ್ಯ ಪುಸ್ತಕ ಒಂದು ತಿಂಗಳು. ದಪ್ಪ ಪುಸ್ತಕ ಎರಡು ತಿಂಗಳು, "ಮದುಮಗಳು" ಒಂದು ಮಳೆಗಾಲ ಪೂರ್ತಿ. ರಟ್ಟು ಬಿಚ್ಚಿದರೆ ಅಂಟಿಸಬೇಡಿ, ಹಾಗೇ ತಂದುಕೊಡಿ, ನಾನು ಹೊಲಿಯುತ್ತೇನೆ.

ಕೌದಿ ಪುಸ್ತಕಕ್ಕೆ ಗಡುವು ಇಲ್ಲ. ಈಗ ಕಪಾಟಿನಲ್ಲಿರುವ "ಬೆಟ್ಟದ ಜೀವ" ಮೂರನೆಯ ಪ್ರತಿ. ಮೊದಲನೆಯದು ಲಗ್ನವಾಗಿ ಹಾವೇರಿಗೆ ಹೋದ ಹುಡುಗಿಯ ಜೊತೆ ಹೋಯಿತು. ಎರಡನೆಯದನ್ನು ಅವ್ವನ ತಲೆದಿಂಬಿನ ಕೆಳಗಿಂದ ತೆಗೆದಿಟ್ಟುಕೊಂಡಿದ್ದೇನೆ, ಅದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.